ವಿಶೇಷ ಮಕ್ಕಳ ಟೀಚರ್ ದಣಿದಾಗ: ಕೆಲಸ ಬಿಡಬೇಕೇ, ಚಿಕಿತ್ಸೆ ಬೇಕೇ?

ಪ್ರಶ್ನೆ: ನನಗೆ 36 ವರ್ಷ. ಬೆಂಗಳೂರಿನ ಒಂದು ಖಾಸಗಿ ಶಾಲೆಯ ರಿಸೋರ್ಸ್ ರೂಮಿನಲ್ಲಿ, ಎಂದರೆ ವಿಶೇಷ ಅಗತ್ಯವಿರುವ ಮಕ್ಕಳಿಗೆ ಕಲಿಸುವ ಕೋಣೆಯಲ್ಲಿ, ಎಂಟು ವರ್ಷದಿಂದ ಸ್ಪೆಷಲ್ ಎಜುಕೇಟರ್ ಆಗಿದ್ದೇನೆ. ಒಂದರಿಂದ ಐದನೇ ಕ್ಲಾಸಿನವರೆಗಿನ 22 ಮಕ್ಕಳು ನನ್ನೊಬ್ಬಳ ಪಟ್ಟಿಯಲ್ಲಿದ್ದಾರೆ. ಅವರಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗನಿಗೆ ಆಟಿಸಂ ಇದೆ, ಮಾತು ಬರುವುದಿಲ್ಲ. ಜೂನ್‌ನಿಂದ ಹೊಡೆಯುವುದು, ಕಚ್ಚುವುದು ಶುರುವಾಗಿದೆ. ಹೋದ ತಿಂಗಳು ನನ್ನ ತೋಳು ಕಚ್ಚಿದಾಗ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದೆ. ಅವನು ಬಾಯಿ ಬಿಟ್ಟ ಮೇಲೂ ನಾನು ಕೈ ಬಿಡಲಿಲ್ಲ. ಕೆಂಪಗೆ ಗುರುತಾಯಿತು. ಯಾರೂ ನೋಡಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ. ಆವತ್ತಿನಿಂದ ನಿದ್ದೆ ಇಲ್ಲ. ಮೊದಲೆಲ್ಲ ಮಗು ಒಂದು ಅಕ್ಷರ ಗುರುತಿಸಿದರೂ ಕಣ್ಣು ತುಂಬುತ್ತಿತ್ತು. ಈಗ ಏನೂ ಅನ್ನಿಸುವುದಿಲ್ಲ. ಪ್ರಿನ್ಸಿಪಾಲ್ ಹತ್ತಿರ ಕಷ್ಟ ಹೇಳಿಕೊಂಡರೆ 'ನಿಮ್ಮಂಥವರಿಗೆ ತಾಳ್ಮೆ ಜಾಸ್ತಿ, ಮ್ಯಾನೇಜ್ ಮಾಡ್ತೀರಿ' ಅನ್ನುತ್ತಾರೆ. ಅತ್ತೆ 'ಪುಣ್ಯದ ಕೆಲಸ ಕಣಮ್ಮಾ' ಅನ್ನುತ್ತಾರೆ. ಯಜಮಾನರು 'ಬಿಟ್ಟುಬಿಡು' ಅನ್ನುತ್ತಾರೆ. ನನಗೆ ಡಿಪ್ರೆಶನ್ ಆಗಿದೆಯಾ? ಮಾತ್ರೆ ತಗೊಂಡರೆ ಅಭ್ಯಾಸವಾಗಿಬಿಡುತ್ತಾ? ಅಥವಾ ಈ ಕೆಲಸಕ್ಕೆ ನಾನೇ ಸರಿಯಿಲ್ಲವಾ?

ಉತ್ತರ: ನಿಮಗೆ ಕಾಯಿಲೆ ಇದೆಯಾ, ಕೆಲಸ ಬಿಡಬೇಕಾ, ನೀವು ಒಳ್ಳೆಯ ಟೀಚರ್ ಹೌದಾ ಅಲ್ಲವಾ ಎಂಬ ಮೂರು ಪ್ರಶ್ನೆಗಳು ನಿಮ್ಮ ಪತ್ರದಲ್ಲಿ ಒಂದಕ್ಕೊಂದು ಸಿಕ್ಕಿಕೊಂಡಿವೆ. ಕೊನೆಯದರಿಂದ ಶುರು ಮಾಡುತ್ತೇನೆ. ರಾತ್ರಿ ನಿಮ್ಮನ್ನು ಎಬ್ಬಿಸುತ್ತಿರುವುದು ಅದೇ ಎಂದು ನನಗನ್ನಿಸುತ್ತದೆ.

ಮಕ್ಕಳ ಮೇಲಿನ ಪ್ರೀತಿ ಹೋಗಿದೆ ಎಂದು ನೀವು ಹೆದರಿದ್ದೀರಿ. ಮನೋವೈದ್ಯೆಯಾಗಿ ನಾನು ನೋಡುವ ಟೀಚರ್‌ಗಳು, ನರ್ಸ್‌ಗಳು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಮನೆಯವರು ಇದೇ ಮಾತನ್ನು ಹೇಳುತ್ತಾರೆ. 'ಏನೂ ಅನ್ನಿಸ್ತಿಲ್ಲ ಡಾಕ್ಟ್ರೇ' ಎಂದು ಹೇಳುವಾಗ ಅವರಿಗೆ ಅಳು ಬರುತ್ತಿರುತ್ತದೆ. ಏನೂ ಅನ್ನಿಸದವರು ಅದನ್ನು ಹೇಳಲು ಡಾಕ್ಟರ್ ಹತ್ತಿರ ಬರುವುದಿಲ್ಲ ಅಲ್ವಾ? ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮ್ಯಾಸ್ಲಾಕ್ 1980ರ ದಶಕದ ಆರಂಭದಲ್ಲೇ ಈ ಸ್ಥಿತಿಯನ್ನು ವಿವರಿಸಿದ್ದರು. ಮೊದಲು ಬಳಲಿಕೆ ಬರುತ್ತದೆ. ಆಮೇಲೆ ಯಾರಿಗಾಗಿ ಕೆಲಸ ಮಾಡುತ್ತೇವೋ ಅವರಿಂದಲೇ ಮನಸ್ಸು ದೂರ ಸರಿಯುತ್ತದೆ. ಜೊತೆಗೆ 'ನನ್ನಿಂದ ಏನೂ ಆಗ್ತಿಲ್ಲ' ಎಂಬ ಭಾವನೆ ಕೂತುಬಿಡುತ್ತದೆ. ಇದನ್ನೇ ಬರ್ನ್‌ಔಟ್ ಎನ್ನುತ್ತೇವೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇದರ ಹೆಸರಿದೆ, ಆದರೆ ಕಾಯಿಲೆ ಎಂದಲ್ಲ. ಕೆಲಸದ ಜಾಗದಲ್ಲಿ ತುಂಬಾ ಕಾಲ ಸರಿಯಾಗದೆ ಉಳಿದ ಒತ್ತಡದಿಂದ ಬರುವ ಸ್ಥಿತಿ ಎಂದಿದೆ. ಎಂದರೆ ಕಾರಣ ಹುಡುಕಬೇಕಾದದ್ದು ನಿಮ್ಮ ಸ್ವಭಾವದಲ್ಲಲ್ಲ, ಕೆಲಸದಲ್ಲಿ.

ಇನ್ನು ನಿಮ್ಮ ಪ್ರಿನ್ಸಿಪಾಲ್ ಹೇಳಿದ ಮಾತು. ಅವರು ಅದನ್ನು ಹೊಗಳಿಕೆಯಾಗಿಯೇ ಹೇಳಿರುತ್ತಾರೆ. ಆದರೆ ತಾಳ್ಮೆ ಹುಟ್ಟಿನಿಂದ ಬಂದ ಗುಣ ಎಂದು ಒಪ್ಪಿಕೊಂಡ ತಕ್ಷಣ, ನಿಮಗೆ ಸಹಾಯ ಮಾಡುವ ಹೊಣೆ ಉಳಿದ ಎಲ್ಲರ ಮೇಲಿಂದಲೂ ಇಳಿದುಹೋಗುತ್ತದೆ. ತಾಳ್ಮೆ ನಿಂತಿರುವುದು ತುಂಬಾ ಸಾದಾ ಸಂಗತಿಗಳ ಮೇಲೆ. ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದಿರಿ? ಬೆಳಿಗ್ಗೆಯಿಂದ ಎಷ್ಟು ಸಲ ಬೆಚ್ಚಿಬಿದ್ದಿರಿ? ಬಾತ್‌ರೂಮಿಗೆ ಹೋಗಿ ಬರುವಷ್ಟು ಹೊತ್ತು ಕ್ಲಾಸು ನೋಡಿಕೊಳ್ಳಲು ಯಾರಾದರೂ ಇದ್ದರಾ? ಸೋಮವಾರ ಬೆಳಿಗ್ಗೆ ನಗುನಗುತ್ತಾ ಪಾಠ ಮಾಡಿದ ಟೀಚರ್ ಗುರುವಾರ ಮಧ್ಯಾಹ್ನ ಸಿಡುಕಿದರೆ ಅವರ ಒಳ್ಳೆಯತನ ಮೂರು ದಿನದಲ್ಲಿ ಕಳೆದುಹೋಗಿರುವುದಿಲ್ಲ.

ಅತ್ತೆಯವರ 'ಪುಣ್ಯದ ಕೆಲಸ'ವೂ ಪ್ರೀತಿಯ ಮಾತೇ. ಅದರಿಂದ ಒಂದು ತೊಂದರೆ ಇದೆ. ಪುಣ್ಯದ ಕೆಲಸದಲ್ಲಿ ಸುಸ್ತಾಯಿತು ಎನ್ನುವುದೇ ತಪ್ಪು ಅನ್ನಿಸಿಬಿಡುತ್ತದೆ. ಸಂಬಳ ಕೇಳುವುದು, ರಜೆ ಕೇಳುವುದು, ಇನ್ನೊಬ್ಬ ಟೀಚರ್ ಬೇಕು ಎನ್ನುವುದು ಎಲ್ಲದಕ್ಕೂ ನಾಚಿಕೆ. ನೀವು ಮಾಡುತ್ತಿರುವುದು ಓದಿ, ತರಬೇತಿ ಪಡೆದು ಮಾಡುವ ವೃತ್ತಿ. ಭಾರತೀಯ ಪುನರ್ವಸತಿ ಪರಿಷತ್ತು, ನೀವೆಲ್ಲ ಆರ್‌ಸಿಐ ಎನ್ನುತ್ತೀರಲ್ಲ, ಅದರಲ್ಲಿ ಹೆಸರು ನೋಂದಾಯಿಸಿ ಸಿಆರ್‌ಆರ್ ಎಂಬ ನೋಂದಣಿ ನಂಬರ್ ಪಡೆದು ಮಾಡುವ ಕೆಲಸ. ವೃತ್ತಿ ಎಂದ ಮೇಲೆ ಅದಕ್ಕೊಂದು ಅಳತೆ ಇರಲೇಬೇಕು.

ಆ ಅಳತೆ ಈಗ ಕಾಗದದ ಮೇಲಿದೆ. ವಿಶೇಷ ಅಗತ್ಯವಿರುವ ಮಕ್ಕಳಿಗೆ ಎಷ್ಟು ಸ್ಪೆಷಲ್ ಟೀಚರ್ ಇರಬೇಕು ಎಂಬ ವಿಷಯದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿತು. 2022ರಲ್ಲಿ ಕೇಂದ್ರ ಸರ್ಕಾರ ಅದನ್ನು ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ ಅನುಸೂಚಿಗೆ ಸೇರಿಸಿತು. ಒಂದರಿಂದ ಐದನೇ ತರಗತಿಯವರೆಗೆ ಇಂಥ 10 ಮಕ್ಕಳಿಗೆ ಒಬ್ಬರು, ಆರರಿಂದ ಎಂಟರವರೆಗೆ 15 ಮಕ್ಕಳಿಗೆ ಒಬ್ಬರು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹುದ್ದೆಗಳನ್ನು ಗುರುತಿಸಿ ಮಂಜೂರು ಮಾಡಿ ಎಂದು ರಾಜ್ಯಗಳಿಗೆ ಮತ್ತೆ ಹೇಳಿತು. ನಿಮ್ಮ ಹತ್ತಿರ 22 ಮಕ್ಕಳಿದ್ದಾರೆ, ಎಲ್ಲರೂ ಪ್ರೈಮರಿ. ಇಬ್ಬರು ಮಾಡುವುದಕ್ಕಿಂತಲೂ ಸ್ವಲ್ಪ ಜಾಸ್ತಿ ಕೆಲಸವನ್ನು ನೀವೊಬ್ಬರೇ ಮಾಡುತ್ತಿದ್ದೀರಿ. 'ನಾನೇ ಸರಿಯಿಲ್ಲವಾ' ಎಂದು ಕೇಳಿಕೊಳ್ಳುವ ಮೊದಲು ಈ ಲೆಕ್ಕವನ್ನು ಒಮ್ಮೆ ನೋಡಿ.

ಸಂಖ್ಯೆ ಹೇಳದ ಭಾರವೂ ಇದೆ. ಪಾಠ ಮಾಡುತ್ತಿರುವಾಗ ಯಾವ ಕ್ಷಣ ಏಟು ಬೀಳುತ್ತದೋ ಎಂದು ಕಾಯುವ ದೇಹ ಗಂಟೆಗಟ್ಟಲೆ ಎಚ್ಚರದ ಸ್ಥಿತಿಯಲ್ಲಿ ಇರುತ್ತದೆ. ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ಭುಜ ಬಿಗಿಯುತ್ತದೆ. ಶಾಲೆ ಬಿಟ್ಟ ಮೇಲೂ ಅದು ಸುಲಭವಾಗಿ ಇಳಿಯುವುದಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಒಂದು ಗಂಟೆ ನಿಂತು ಮನೆಗೆ ಬಂದು, ಕುಕ್ಕರ್ ಇಟ್ಟು, ಮನೆಯ ಮಕ್ಕಳ ಹೋಮ್‌ವರ್ಕ್ ಮುಗಿಸಿ ಮಲಗುವ ಹೊತ್ತಿಗೆ ಮೊಬೈಲ್‌ನಲ್ಲಿ ಪೋಷಕರ ಮೆಸೇಜ್. 'ಮಿಸ್, ಇವತ್ತು ಏನಾದ್ರೂ ಮಾತಾಡಿದ್ನಾ?' ಆ ತಾಯಿಯ ಆಸೆ ನಿಮಗೆ ಗೊತ್ತು. ಇಲ್ಲ ಎಂದು ಬರೆಯಲು ಕೈ ಬರುವುದಿಲ್ಲ. ಆ ಮನೆಯವರ ದುಃಖವನ್ನು ನೀವು ದಿನಾ ಒಂದಿಷ್ಟು ಹೊತ್ತು ತರುತ್ತೀರಿ. ಅದನ್ನು ಎಲ್ಲಿ ಇಳಿಸಬೇಕು ಎಂದು ನಿಮಗೆ ಯಾರೂ ಕಲಿಸಿಲ್ಲ.

ಇನ್ನೊಂದು ಒಂಟಿತನ. ಸ್ಟಾಫ್ ರೂಮಿನಲ್ಲಿ 'ನಿಮ್ಮ ಮಗು ಗಲಾಟೆ ಮಾಡ್ತಿದೆ, ಬಂದು ಕರ್ಕೊಂಡು ಹೋಗಿ' ಎನ್ನುತ್ತಾರೆ. ಶಾಲೆಯ ಮಗು, ಕ್ಲಾಸಿನ ಮಗು ಇದ್ದಕ್ಕಿದ್ದಂತೆ ನಿಮ್ಮೊಬ್ಬರ ಮಗುವಾಗಿಬಿಡುತ್ತದೆ. ಬೇರೆ ಟೀಚರ್‌ಗಳಿಗೆ ರಿಸಲ್ಟ್ ಬರುತ್ತದೆ, ಚಪ್ಪಾಳೆ ಸಿಗುತ್ತದೆ. ನಿಮ್ಮ ಮಗು ನಾಲ್ಕು ತಿಂಗಳು ಕಲಿತು ತನ್ನ ಬ್ಯಾಗಿನ ಜಿಪ್ ತಾನೇ ಎಳೆದುಕೊಂಡದ್ದನ್ನು ಯಾರು ನೋಡಿದರು? ಈ ಒಂಟಿತನವೇ ಜನರನ್ನು ಈ ಕೆಲಸದಿಂದ ಓಡಿಸುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಮಕ್ಕಳ ಕಾರಣಕ್ಕೆ ಬಿಟ್ಟೆ ಎಂದವರು ನನ್ನ ಮುಂದೆ ಕೂತದ್ದು ಕಡಿಮೆ. ಪಕ್ಕದಲ್ಲಿ ಯಾರೂ ಇರಲಿಲ್ಲ ಎಂದವರೇ ಜಾಸ್ತಿ.

ಈಗ ಆ ಹುಡುಗನ ವಿಷಯ. ನಿಮ್ಮ ಮನಸ್ಸು ಸರಿಹೋಗಬೇಕಾದರೆ ಅವನ ಕಷ್ಟ ಏನೆಂದು ಗೊತ್ತಾಗಲೇಬೇಕು. ಮಾತು ಬಾರದ ಮಗು ಇದ್ದಕ್ಕಿದ್ದಂತೆ ಕಚ್ಚಲು ಶುರು ಮಾಡಿದರೆ ಮೊದಲು ನೋಡಬೇಕಾದದ್ದು ಅವನ ದೇಹವನ್ನು. ಹಲ್ಲುನೋವು, ಕಿವಿನೋವು, ಮಲಬದ್ಧತೆ, ನಿದ್ದೆಗೇಡು, ಫಿಟ್ಸ್, ಔಷಧಿ ಬದಲಾಗಿರುವುದು, ಇವೆಲ್ಲ ಹಟದಂತೆ ಕಾಣುತ್ತವೆ. ಮಕ್ಕಳ ಡಾಕ್ಟರ್‌ಗೂ ಹಲ್ಲಿನ ಡಾಕ್ಟರ್‌ಗೂ ತೋರಿಸಿ ಎಂದು ಮನೆಯವರಿಗೆ ಹೇಳಿ. ಜೂನ್‌ನಲ್ಲಿ ಏನು ಬದಲಾಯಿತು? ಹೊಸ ಕ್ಲಾಸ್ ರೂಮಾ, ಹೊಸ ಆಯಮ್ಮನಾ, ಪಕ್ಕದಲ್ಲಿ ಕಟ್ಟಡದ ಕೆಲಸದ ಸದ್ದಾ? ಕಚ್ಚುವ ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ಎರಡು ವಾರ ಬರೆದಿಡಿ. ನೀವು ಇದನ್ನು ಓದಿರುತ್ತೀರಿ, ಗೊತ್ತು. ಒಬ್ಬರೇ ಇರುವಾಗ ಬರೆದುಕೊಳ್ಳಲು ಕೈ ಖಾಲಿ ಇರುವುದಿಲ್ಲ ಎಂಬುದೂ ಗೊತ್ತು. ಅದಕ್ಕೇ ಅವನ ಅವಧಿಯಲ್ಲಿ ಎರಡನೆಯ ದೊಡ್ಡವರು ಇರಲೇಬೇಕು ಎನ್ನುವುದು. 'ಬೇಡ', 'ಸಾಕು', 'ನೋವು' ಎಂದು ತೋರಿಸಲು ಚಿತ್ರದ ಕಾರ್ಡ್ ಅವನ ಕೈಗೆ ಸಿಗುವಂತಿರಲಿ. ಬೇಡ ಎನ್ನಲು ಬೇರೆ ದಾರಿ ಸಿಕ್ಕ ಮೇಲೆ ಎಷ್ಟೋ ಮಕ್ಕಳಿಗೆ ಹಲ್ಲಿನ ಅಗತ್ಯ ಕಡಿಮೆಯಾಗುತ್ತದೆ.

ನಿಮ್ಮ ತೋಳಿನ ಬಗ್ಗೆ ಪತ್ರದಲ್ಲಿ ಒಂದೇ ಒಂದು ಪದ ಬರೆದಿದ್ದೀರಿ. ಮನುಷ್ಯರ ಕಚ್ಚುಗಾಯವೂ ಸೋಂಕಾಗುತ್ತದೆ. ಚರ್ಮ ಒಡೆದರೆ ಸೋಪು ಹಚ್ಚಿ ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು, ಆವತ್ತೇ ಡಾಕ್ಟರ್‌ಗೆ ತೋರಿಸಿ. ಟೆಟನಸ್ ಮತ್ತು ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ನೋಡಿಕೊಳ್ಳಿ. ಶಾಲೆಯ ರಿಜಿಸ್ಟರ್‌ನಲ್ಲಿ ಬರೆಸಿ. ಗಾಯವನ್ನು ದುಪಟ್ಟಾ ಕೆಳಗೆ ಮುಚ್ಚಿಕೊಂಡು ಓಡಾಡುವ ಟೀಚರ್‌ಗಳನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಮಣಿಕಟ್ಟಿನ ಗುರುತಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಕಚ್ಚುತ್ತಿರುವಾಗ ಹಿಡಿದದ್ದು ದೇಹದ ಪ್ರತಿಕ್ರಿಯೆ. ಬಾಯಿ ಬಿಟ್ಟ ಮೇಲೂ ಹಿಡಿದಿದ್ದು ಬೇರೆ. ಅದು ನಿಮಗೂ ಗೊತ್ತು, ಅದಕ್ಕೇ ಆ ವಾಕ್ಯವನ್ನು ಬರೆದಿದ್ದೀರಿ. ಇದನ್ನು ನೀವು ಪ್ರಿನ್ಸಿಪಾಲ್‌ಗೂ ಹುಡುಗನ ತಂದೆತಾಯಿಗೂ ಹೇಳಬೇಕು. ಇದರಲ್ಲಿ ಅಪಾಯ ಇಲ್ಲ ಎನ್ನುವುದಿಲ್ಲ. ಅವರು ಸಿಟ್ಟಾಗಬಹುದು, ದೂರು ಕೊಡಬಹುದು. ಮಗುವಿಗೆ ದೈಹಿಕ ಶಿಕ್ಷೆ ಕೊಡುವುದನ್ನು ಆರ್‌ಟಿಇ ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸುತ್ತದೆ, ಹಾಗಾಗಿ ಶಾಲೆ ವಿಚಾರಣೆ ಮಾಡಬಹುದು. ಆದರೆ ಆ ಹುಡುಗ ಮನೆಗೆ ಹೋಗಿ ಹೇಳಲಾರ. ಅವನ ಪರವಾಗಿ ಹೇಳಬಲ್ಲವರು ನೀವೊಬ್ಬರೇ. ಮುಚ್ಚಿಟ್ಟರೆ ನಿಮ್ಮ ಭಯ ಹಾಗೇ ಉಳಿಯುತ್ತದೆ, ಅವನಿಗೆ ಸಹಾಯವೂ ಸಿಗುವುದಿಲ್ಲ. ಹೇಳುವಾಗ ಸುತ್ತಿಬಳಸಬೇಡಿ. ಯಾವ ದಿನ, ಏನಾಯಿತು, ಎಷ್ಟು ಹೊತ್ತು ಹಿಡಿದಿರಿ, ಗುರುತು ಎಲ್ಲಾಯಿತು, ಇನ್ನು ಮುಂದೆ ಹಾಗಾಗದಂತೆ ನಿಮಗೆ ಏನು ಬೇಕು. ಬರವಣಿಗೆಯಲ್ಲೂ ಕೊಡಿ. ಅಂಥ ಸಿಟ್ಟು ಮತ್ತೆ ಬರುತ್ತಿದೆ ಅನ್ನಿಸಿದರೆ ನಾಳೆಯಿಂದಲೇ ಅವನ ಜೊತೆ ಒಬ್ಬರೇ ಇರಬೇಡಿ. ಇದರಲ್ಲಿ ಕಾಯುವುದು ಬೇಡ.

ಡಿಪ್ರೆಶನ್ ಪ್ರಶ್ನೆಗೆ ಬರುತ್ತೇನೆ. ಪತ್ರ ಓದಿ ರೋಗ ಹೇಳುವುದು ಸರಿಯಲ್ಲ. ಆದರೆ ಒಂದು ದಾರಿ ಹೇಳಬಲ್ಲೆ. ದಸರಾ ರಜೆಯಲ್ಲಿ ನಿಮ್ಮನ್ನು ನೀವೇ ಗಮನಿಸಿ. ಮೂರ್ನಾಲ್ಕು ದಿನ ಕಳೆದ ಮೇಲೆ ನಿದ್ದೆ ಬರುತ್ತದಾ, ಊಟ ರುಚಿಸುತ್ತದಾ, ಅಕ್ಕತಂಗಿಯರ ಜೊತೆ ಮನಸ್ಸು ಬಿಟ್ಟು ನಗುತ್ತೀರಾ? ಶಾಲೆ ಶುರುವಾಗುವ ಹಿಂದಿನ ಸಂಜೆ ಹೊಟ್ಟೆ ಹಿಂಡುತ್ತದಾ? ಹೌದಾದರೆ ತೊಂದರೆ ಬಹುಮಟ್ಟಿಗೆ ಕೆಲಸದ್ದು. ರಜೆಯಲ್ಲೂ ಯಾವುದೂ ಬೇಡ ಅನ್ನಿಸಿದರೆ, ಬೇಗ ಎಚ್ಚರವಾಗಿ ಮತ್ತೆ ನಿದ್ದೆ ಬರದಿದ್ದರೆ, ನಾನು ಯಾರಿಗೂ ಬೇಡವಾದವಳು ಎಂಬ ಯೋಚನೆ ಎರಡು ವಾರ ಬಿಡದೆ ಕಾಡಿದರೆ ಅದು ಡಿಪ್ರೆಶನ್ ಇರಬಹುದು. ಆಗ ಚಿಕಿತ್ಸೆ ಬೇಕು. ಎರಡೂ ಒಟ್ಟಿಗೆ ಇರುವುದೂ ಉಂಟು. ನೀವು ಒಂದು ತಿಂಗಳಿಂದ ಸರಿಯಾಗಿ ಮಲಗಿಲ್ಲ, ಹಾಗಾಗಿ ರಜೆಗೆ ಕಾಯದೆ ಈಗಲೇ ಒಮ್ಮೆ ತೋರಿಸಿ ಎಂದೇ ನನ್ನ ಸಲಹೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆಯನ್ನೂ ಮಾಡಿಸಿ. ನಿಮ್ಮ ವಯಸ್ಸಿನ ಹೆಂಗಸರಲ್ಲಿ ಸುಸ್ತಿನ ಹಿಂದೆ ಇವು ಇರುವುದು ಅಪರೂಪವಲ್ಲ.

ಮಾತ್ರೆಗೆ ಹೆದರಬೇಡಿ. ಡಿಪ್ರೆಶನ್‌ಗೆ ಕೊಡುವ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ದಿನಗಳಲ್ಲಿ ವಾಕರಿಕೆ, ತಲೆನೋವು ಬರಬಹುದು. ಹುಷಾರಾಯಿತು ಎಂದು ತಕ್ಷಣ ನಿಲ್ಲಿಸಿದರೆ ತಲೆಸುತ್ತು, ತಳಮಳ ಆಗುತ್ತದೆ, ಕಾಯಿಲೆ ಮರಳಲೂಬಹುದು. ಅದಕ್ಕೇ ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಅಭ್ಯಾಸವಾಗುವುದು ಆಲ್ಪ್ರಜೋಲಾಮ್‌ನಂಥ ನಿದ್ದೆಯ, ಆತಂಕದ ಮಾತ್ರೆಗಳು. ಯಾರದೋ ಚೀಟಿಯಲ್ಲಿ ಅವನ್ನು ಮೆಡಿಕಲ್ ಸ್ಟೋರಿಂದ ತರಿಸಿಕೊಳ್ಳಬೇಡಿ. ಬರೀ ಬರ್ನ್‌ಔಟ್ ಆಗಿದ್ದರೆ ಮಾತ್ರೆಯಿಂದ ಹೆಚ್ಚು ಉಪಯೋಗವಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. 22 ಮಕ್ಕಳ ಪಟ್ಟಿ ಮಾತ್ರೆಯಿಂದ ಚಿಕ್ಕದಾಗುವುದಿಲ್ಲ. ಯೋಗ, ಪ್ರಾಣಾಯಾಮ, ಶಾಲೆಯವರು ಮಾಡಿಸುವ ಒಂದು ದಿನದ ವೆಲ್‌ನೆಸ್ ವರ್ಕ್‌ಶಾಪ್ ಇವುಗಳ ಕಥೆಯೂ ಅಷ್ಟೇ. ಹಿತವಾಗಿದ್ದರೆ ಮಾಡಿ, ಪರಿಹಾರ ಅಂದುಕೊಳ್ಳಬೇಡಿ.

ಎಲ್ಲಿಗೆ ಹೋಗುವುದು? ನಿಮ್ಹಾನ್ಸ್‌ನವರ ಸೆಂಟರ್ ಫಾರ್ ವೆಲ್‌ಬೀಯಿಂಗ್ ಬಿಟಿಎಂ ಲೇಔಟ್‌ನಲ್ಲಿದೆ. ಹೊಸೂರು ರಸ್ತೆಯ ದೊಡ್ಡ ಆಸ್ಪತ್ರೆಗೆ ಹೋಗಲು ಹಿಂಜರಿಯುವವರಿಗೆ ಅದು ಸುಲಭ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಸಾಯಬೇಕು ಅನ್ನಿಸಿದರೆ ಗಂಡನನ್ನು ಎಬ್ಬಿಸಿ ಹೇಳಿ, ಆ ರಾತ್ರಿಯೇ ಫೋನ್ ಮಾಡಿ. ಖಾಸಗಿಯಾಗಿ ಹೋಗುವುದಾದರೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳೂ ಆರ್‌ಸಿಐನಲ್ಲೇ ನೋಂದಾಯಿಸಿರುತ್ತಾರೆ. ನಿಮಗೆ ಸಿಆರ್‌ಆರ್ ನಂಬರ್ ಇರುವ ಹಾಗೆ ಅವರಿಗೂ ಇರುತ್ತದೆ, ಕೇಳಲು ಸಂಕೋಚ ಬೇಡ.

ಇನ್ನು ಕೆಲಸ. ಯಜಮಾನರು ಪ್ರೀತಿಯಿಂದಲೇ 'ಬಿಟ್ಟುಬಿಡು' ಎನ್ನುತ್ತಿದ್ದಾರೆ. ಮೊದಲು ಅವರಿಗೆ ಸಂಜೆಯ ಅಡುಗೆ ಮತ್ತು ಮಕ್ಕಳ ಹೋಮ್‌ವರ್ಕ್ ವಹಿಸಿಕೊಡಿ. ಒಂದೆರಡು ದಿನಕ್ಕಲ್ಲ, ಈ ವರ್ಷ ಮುಗಿಯುವವರೆಗೆ. ನಿದ್ದೆಗೆ ಅದರಷ್ಟು ಉಪಕಾರ ಇನ್ನೊಂದಿಲ್ಲ. ಮನಸ್ಸು ಇಷ್ಟು ಕುಗ್ಗಿರುವಾಗ ಎಂಟು ವರ್ಷದ ವೃತ್ತಿಯ ಬಗ್ಗೆ ತೀರ್ಮಾನ ಮಾಡುವುದು ಬೇಡ. ಆಗ ಎಲ್ಲವೂ ಕತ್ತಲಾಗಿಯೇ ಕಾಣುತ್ತದೆ. ಮೇಲೆ ಹೇಳಿದ ಹಾಗೆ ಮಗುವಿಗೆ ನಿಮ್ಮಿಂದ, ಅಥವಾ ನಿಮಗೆ ನಿಮ್ಮಿಂದಲೇ ಅಪಾಯ ಅನ್ನಿಸಿದರೆ ಮಾತ್ರ ಕೂಡಲೇ ರಜೆ ಹಾಕಿ.

ಶಾಲೆಯ ಹತ್ತಿರ ಏನು ಕೇಳಬೇಕು? 'ನನಗೆ ಸ್ಟ್ರೆಸ್ ಆಗಿದೆ' ಎಂದು ಹೋದರೆ 'ಎರಡು ದಿನ ರೆಸ್ಟ್ ತಗೊಳ್ಳಿ' ಎಂಬ ಉತ್ತರ ಸಿಗುತ್ತದೆ. ಕಾಂಟ್ರಾಕ್ಟ್ ಕೆಲಸವಾದರೆ 'ಇವರ ಕೈಲಿ ಆಗಲ್ಲ' ಎಂಬ ಹೆಸರೂ ಬರಬಹುದು. ಹಾಗಾಗಿ ಮಕ್ಕಳ ಸುರಕ್ಷತೆಯ ಪತ್ರ ಬರೆಯಿರಿ. 22 ಮಕ್ಕಳು, ಒಬ್ಬ ಟೀಚರ್, ಕಾಯ್ದೆಯ ಅಳತೆ ಎಷ್ಟು, ಜೂನ್‌ನಿಂದ ಆದ ಗಾಯಗಳು ಎಷ್ಟು. ಆ ಹುಡುಗನ ಅವಧಿಗೆ ಇನ್ನೊಬ್ಬರು ಬೇಕೇಬೇಕು. ಮನೆಯವರು ಶ್ಯಾಡೋ ಟೀಚರ್, ಎಂದರೆ ಆ ಒಂದು ಮಗುವಿನ ಜೊತೆಗೇ ಇರುವ ಸಹಾಯಕರನ್ನು, ಇಡಲಿ ಎಂದು ಶಾಲೆ ಹೇಳಬಹುದು. ಆ ಖರ್ಚನ್ನು ಎಲ್ಲ ಮನೆಯವರೂ ಹೊರಲಾರರು, ಇದು ಶಾಲೆಯ ಹೊಣೆ ಎಂದು ನನ್ನ ಅಭಿಪ್ರಾಯ. ಕಚ್ಚಿದರೆ, ಮಗು ತಡೆಯಲಾಗದೆ ಅತ್ತು ಕಿರುಚಾಡುವ ಮೆಲ್ಟ್‌ಡೌನ್ ಆದರೆ ಯಾರು ಬರಬೇಕು, ಮಗುವನ್ನು ನೋಯಿಸದೆ ಬಿಡಿಸಿಕೊಳ್ಳುವುದು ಹೇಗೆ ಎಂಬ ತರಬೇತಿ ನಿಮಗೊಬ್ಬರಿಗೇ ಅಲ್ಲ, ಕ್ಲಾಸ್ ಟೀಚರ್‌ಗೂ ಆಯಮ್ಮನಿಗೂ ಸಿಗಬೇಕು. ಪೋಷಕರ ಮೆಸೇಜಿಗೆ ಸಂಜೆ ಇಂತಿಷ್ಟು ಗಂಟೆಯವರೆಗೆ ಮಾತ್ರ ಉತ್ತರ ಎಂಬ ನಿಯಮ ಶಾಲೆಯ ಹೆಸರಿನಲ್ಲೇ ಹೊರಡಲಿ. ನೀವೇ ಹೇಳಿದರೆ ನಿಷ್ಠುರ ನಿಮಗೆ ಬರುತ್ತದೆ. ಶಾಲೆ ಇದರಲ್ಲಿ ಅರ್ಧ ಮಾಡಿದರೂ ಸಾಕಷ್ಟು ಬದಲಾಗುತ್ತದೆ.

ಶಾಲೆಯ ಹೊರಗೆ ಇಬ್ಬರು ಮೂವರು ಸ್ಪೆಷಲ್ ಎಜುಕೇಟರ್‌ಗಳನ್ನು ಹುಡುಕಿಕೊಳ್ಳಿ. ನಿಮ್ಮ ಬಿ.ಎಡ್ ಬ್ಯಾಚಿನವರು ಇರುತ್ತಾರಲ್ಲ. ತಿಂಗಳಿಗೆರಡು ಸಲ ಕೂತು ಮಕ್ಕಳ ಹೆಸರು ಹೇಳದೆ, ಆದದ್ದನ್ನು ಆದ ಹಾಗೇ ಮಾತಾಡಿ. ಮಣಿಕಟ್ಟಿನ ವಿಷಯ ಒಂದು ತಿಂಗಳು ನಿಮ್ಮೊಳಗೇ ಉಳಿದದ್ದು ಯಾಕೆ? ಹೇಳಿದರೆ ಅರ್ಥ ಮಾಡಿಕೊಳ್ಳುವವರು ಹತ್ತಿರ ಇರಲಿಲ್ಲ, ಅಷ್ಟೇ. ಮುಂದೆ ಅಂಥ ಒಂದು ದಿನ ಬಂದರೆ ಆವತ್ತೇ ಸಂಜೆ ಹೇಳಲು ಒಬ್ಬರು ಇರಬೇಕು.

ಡಿಸೆಂಬರ್‌ವರೆಗೂ ಶಾಲೆ ಏನೂ ಬದಲಿಸದಿದ್ದರೆ ಆ ಶಾಲೆ ಬಿಡಿ. ಶಾಲೆ ಬಿಡುವುದು ಎಂದರೆ ವೃತ್ತಿ ಬಿಡುವುದಲ್ಲ, ನಿಮ್ಮ ಸಿಆರ್‌ಆರ್ ನಂಬರ್ ನಿಮ್ಮ ಜೊತೆಗೇ ಬರುತ್ತದೆ. ಬೆಂಗಳೂರಿನಲ್ಲಿ ದಾರಿಗಳಿವೆ. ಚಿಕ್ಕ ಮಕ್ಕಳಿಗೆ ಬೇಗನೇ ನೆರವು ಶುರು ಮಾಡುವ ಅರ್ಲಿ ಇಂಟರ್‌ವೆನ್ಷನ್ ಕೇಂದ್ರಗಳು, ಮಕ್ಕಳ ಕಲಿಕೆಯ ತೊಂದರೆ ಅಳೆಯುವ ಅಸೆಸ್‌ಮೆಂಟ್ ಕೆಲಸ, ಟೀಚರ್ ತರಬೇತಿ. ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ, ಲಿಂಗರಾಜಪುರದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ (ಎಪಿಡಿ)ಯಂಥ ಹಳೆಯ ಸಂಸ್ಥೆಗಳಲ್ಲಿ ಥೆರಪಿಸ್ಟ್‌ಗಳು, ಟೀಚರ್‌ಗಳು ತಂಡವಾಗಿ ಕೆಲಸ ಮಾಡುತ್ತಾರೆ. ಸಂಬಳ ಖಾಸಗಿ ಶಾಲೆಗಿಂತ ಕಡಿಮೆ ಇರಬಹುದು, ಮೊದಲೇ ಕೇಳಿಕೊಳ್ಳಿ. ಮನೆಮನೆಗೆ ಹೋಗಿ ಪಾಠ ಮಾಡಿದರೆ ಗಂಟೆಗೆ ಒಳ್ಳೆಯ ದುಡ್ಡು ಬರುತ್ತದೆ ಎಂದು ತುಂಬಾ ಜನ ಅದಕ್ಕೆ ಹೋಗುತ್ತಾರೆ. ನಿಮಗೆ ನಾನು ಈಗ ಅದನ್ನು ಹೇಳುವುದಿಲ್ಲ. ಅಲ್ಲಿ ರಜೆಗೆ ಸಂಬಳವಿಲ್ಲ, ಓಡಾಟ ಜಾಸ್ತಿ, ಮತ್ತೆ ನೀವೊಬ್ಬರೇ.

ಬಿಡುವುದೇ ಆದರೆ ಆ ಹುಡುಗನಿಗೆ ಸಮಯ ಕೊಟ್ಟು ಬಿಡಿ. ಹೊಸ ಟೀಚರ್ ಬಂದ ಮೇಲೆ ಎರಡು ಮೂರು ವಾರ ಇಬ್ಬರೂ ಅವನ ಜೊತೆ ಕೂರಿ. ಅವನಿಗೆ ಯಾವ ಸದ್ದು ಆಗುವುದಿಲ್ಲ, ಯಾವ ಕಾರ್ಡ್ ಮೊದಲು ಕೇಳುತ್ತಾನೆ, ಕಚ್ಚುವ ಮೊದಲು ಮುಖ ಹೇಗಾಗುತ್ತದೆ ಎಂದು ಬರೆದುಕೊಡಿ. ಕಾರ್ಡ್‌ಗಳ ಒಂದು ಸೆಟ್ ಅವನ ತಾಯಿಗೂ ಕೊಡಿ.